ಚರಂಡಿಗೆ ಎರೆದ ಓಕುಳಿ

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯ ಸಿಂಕು ಕಟ್ಟಿಕೊಂಡಿತು. ನೀರು ಸುಮ್ಮನೆ ನಿಂತಿದ್ದರೆ ಸಹಿಸಬಹುದಿತ್ತು. ತಳದಿಂದ ಒಂದು ಗುಳ್ಳೆ ಎದ್ದು ಬಂದು, ಒಡೆದು, ಹುಳಿ ಹುಳಿಯಾದ ವಾಸನೆ ಬಿಟ್ಟು, ಏನೂ ಆಗದವರಂತೆ ತೆಪ್ಪಗಾಯಿತು. ಲೋಟಗಳು ಅರ್ಧ ಮುಳುಗಿದ್ದವು. ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಮುಖ ನೋಡಿದಳು. ನಾನು ತಾರಸಿ ನೋಡಿದೆ. ತಾರಸಿಯ ಮೇಲೆ ನಮ್ಮ ಬಾಡಿಗೆಯವರಿದ್ದಾರೆ.

ಹೀಗೆ ಕತ್ತೆತ್ತಿ ತಾರಸಿ ನೋಡುವುದು ಸ್ವಂತ ಮನೆ ಕಟ್ಟಿಸಿ ಮೇಲಿನ ಅಂತಸ್ತನ್ನು ಬಾಡಿಗೆಗೆ ಕೊಟ್ಟವರಿಗೆಲ್ಲ ಹತ್ತುವ ಕಾಯಿಲೆ. ನಲ್ಲಿಯಲ್ಲಿ ನೀರು ಬರದಿದ್ದರೆ ಮೇಲಿನವರು ಖಾಲಿ ಮಾಡಿದರು, ಗೋಡೆ ಒದ್ದೆಯಾದರೆ ಮೇಲಿನವರು ಚೆಲ್ಲಿದರು. ನಿಮ್ಮ ಮನೆಯ ಮೇಲೂ ಯಾರಾದರೂ ಇದ್ದರೆ ನಾನು ಹೇಳುವುದು ನಿಮಗೆ ಅರ್ಥವಾಗುತ್ತದೆ. ನಮ್ಮ ಮೇಲಿನವರು ಎಳೆ ಪ್ರಾಯದ ಗಂಡ ಹೆಂಡತಿ. ಅವನಿಗೆ ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ಅವಳು ನರ್ಸು, ಹೆಸರು ಆಶಾ. ಹುಲಿಕಲ್ ಘಾಟಿ ಇಳಿದರೆ ಕರಾವಳಿಯಲ್ಲಿ ಅವರ ಊರು, ಆದ್ದರಿಂದ ದಿನ ಬಿಟ್ಟು ದಿನ ಮೀನು ಹುರಿಯುತ್ತಾರೆ. ನನಗೆ ಮೀನಿನ ವಾಸನೆ ಆಗುವುದಿಲ್ಲ. ತುಂಗೆಯ ಪಕ್ಕದಲ್ಲಿ ಬೆಳೆದವನಿಗೆ ಮೀನಿನ ವಾಸನೆ ಆಗದು ಎಂದರೆ ನನ್ನ ನೆಂಟರೇ ನಗುತ್ತಾರೆ. ನಗಲಿ ಬಿಡಿ, ಮೂಗು ನನ್ನದು. ಅವರು ಬಾಡಿಗೆಗೆ ಬಂದ ಹೊಸದರಲ್ಲಿ ನಾನು ಒಮ್ಮೆ ಮೆಟ್ಟಿಲ ಹತ್ತಿರ ನಿಂತು ಅವಳಿಗೆ ಕೇಳಿಸುವ ಹಾಗೆ ಗೊಣಗಿದ್ದೂ ಉಂಟು.

ಹಾಗಾಗಿ ತೀರ್ಪು ಕೊಡಲು ನನಗೆ ಹೊತ್ತು ಹಿಡಿಯಲಿಲ್ಲ. ಮೀನು ತೊಳೆದ ನೀರು, ಅದರ ಹುರುಪೆ, ಎಲ್ಲ ಸೇರಿ ಪೈಪು ಕಟ್ಟಿದೆ. ಪ್ಲಂಬರಿಗೆ ಫೋನ್ ಮಾಡಿದರೆ ಸಾಗರದಲ್ಲಿ ಕೆಲಸದ ಮೇಲಿದ್ದೇನೆ, ನಾಳೆ ಬರುತ್ತೇನೆ ಎಂದ. ಪ್ಲಂಬರನ ನಾಳೆ ಎಂದರೆ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ನಾನು ಮೆಟ್ಟಿಲ ಕಡೆ ಹೊರಟೆ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು: ಈ ಮೀನು ನಿಲ್ಲಿಸಿ, ಇಲ್ಲ ಬೇರೆ ಮನೆ ನೋಡಿಕೊಳ್ಳಿ.

ಅರ್ಧ ಮೆಟ್ಟಿಲಿನಲ್ಲಿ ಕಾಲು ತಾನಾಗಿ ನಿಂತಿತು. ಈ ಮಾತನ್ನು ನಾನು ಹಿಂದೆ ಕೇಳಿದ್ದೆ. ಆಗ ಹೇಳಿಸಿಕೊಂಡವರು ನಾವು. ಮೀನಿನ ಜಾಗದಲ್ಲಿ ಹಪ್ಪಳ ಇತ್ತು, ಅಷ್ಟೇ ವ್ಯತ್ಯಾಸ.

ಆಗ ನಾವು ಇದೇ ತೀರ್ಥಹಳ್ಳಿಯಲ್ಲಿ ಮಂಜಪ್ಪಗೌಡರ ಮನೆಯ ಮೇಲಿನ ಅಂತಸ್ತಿನಲ್ಲಿದ್ದೆವು. ಅಪ್ಪ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ನಾನು ಡಿಗ್ರಿ ಓದುತ್ತಿದ್ದೆ, ಎಂದರೆ ಮನೆಗೂ ಬೇಡದ, ಊರಿಗೂ ಬೇಡದ ವಯಸ್ಸು. ಅಮ್ಮ ಹೊಸನಗರ ಕಡೆಯ ಹಳ್ಳಿಯವಳು. ಪೇಟೆಗೆ ಬಂದ ಮೊದಲ ವರ್ಷ ಅವಳನ್ನು ಮಾತಾಡಿಸುವವರೇ ಇರಲಿಲ್ಲವಂತೆ. ಎರಡನೆಯ ಬೇಸಿಗೆಗೆ ಅಪ್ಪ ಬಸ್ಸಿನ ಟಾಪಿನ ಮೇಲೆ ಬಲಿತ ಹಲಸಿನಕಾಯಿ ಹಾಕಿಸಿಕೊಂಡು ಬಂದ. ಅಮ್ಮ ತಾರಸಿಯ ಮೇಲೆ ಕೂತು ಒಬ್ಬಳೇ ಹಪ್ಪಳ ಮಾಡತೊಡಗಿದಳು. ಹಲಸಿನ ಹಪ್ಪಳ ಒಬ್ಬರಿಂದ ಮುಗಿಯುವ ಕೆಲಸವಲ್ಲ. ಬಿಡಿಸುವವರು, ಬೇಯಿಸುವವರು, ಕುಟ್ಟುವವರು, ಒತ್ತುವವರು, ಕಾಗೆ ಓಡಿಸುವವರು ಬೇಕು. ಎದುರು ಮನೆಯವರು ಇಣುಕಿ ನೋಡಿದರು, ಮರುದಿನ ಬಂದೇ ಬಿಟ್ಟರು. ಆಮೇಲೆ ಪ್ರತಿ ಮೇ ತಿಂಗಳು ನಮ್ಮ ಓಣಿಯ ಹೆಂಗಸರೆಲ್ಲ ಮಧ್ಯಾಹ್ನ ನಮ್ಮ ತಾರಸಿಯಲ್ಲೇ. ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಅವರು ಆಡದ ಸುದ್ದಿಯಿಲ್ಲ. ಅಮ್ಮನಿಗೆ ಒಂದು ಊರು ಸಿಕ್ಕಿದ್ದು ಹಾಗೆ. ನಮಗೆ ಅದು ಹಪ್ಪಳ, ಅವಳಿಗೆ ಅದೇ ತೀರ್ಥಹಳ್ಳಿ.

ಕೆಳಗಿನ ಮಂಜಪ್ಪಗೌಡರು ಒಳ್ಳೆಯ ಮನುಷ್ಯರೇ. ಆದರೆ ಅವರಿಗೆ ಹಲಸಿನ ವಾಸನೆ ಆಗುತ್ತಿರಲಿಲ್ಲ. ಹಸಿದು ಹಲಸು, ಉಂಡು ಮಾವು ಎನ್ನುತ್ತಾರಲ್ಲ, ಅವರು ಚಿಕ್ಕಂದಿನಲ್ಲಿ ಉಂಡೂ ಹಲಸು ತಿಂದು ಹೊಟ್ಟೆ ಕೆಟ್ಟು ಸಾಯುವ ಹಾಗಾಗಿದ್ದರಂತೆ. ಅಲ್ಲಿಂದ ಮುಂದೆ ಆ ಹಣ್ಣು ಅವರ ಹೊಸ್ತಿಲು ದಾಟಿರಲಿಲ್ಲ. ಅವರದೇ ತೋಟದಲ್ಲಿ ಒಳ್ಳೆಯ ಬಕ್ಕೆ ಹಲಸಿನ ಮರಗಳಿದ್ದವು. ಹಣ್ಣೆಲ್ಲ ಮಂಗಗಳ ಪಾಲು. ಹೀಗಿರುವಾಗ ಒಂದು ಬೇಸಿಗೆ ಅವರ ಬಚ್ಚಲಲ್ಲಿ ನೀರು ಕಟ್ಟಿತು. ಸ್ನಾನಕ್ಕೆ ನಿಂತರೆ ಸೋಪಿನ ನೀರು ಪಾದ ಮುಳುಗಿಸಿ, ಹೊಸ್ತಿಲು ದಾಟಿ ನಡುಮನೆಗೆ ಬರುತ್ತಿತ್ತು. ಗೌಡರು ತಾರಸಿ ನೋಡಿದರು. ಎಲ್ಲರಿಗೂ ಗೊತ್ತಿದ್ದ ಸಂಗತಿಯೆಂದರೆ ಹಲಸಿನ ಮೇಣ. ಕೈಗೆ ಹತ್ತಿದರೆ ಬಿಡದು, ಕತ್ತಿಗೆ ಹತ್ತಿದರೆ ಬಿಡದು. ಮೇಲೆ ಇಷ್ಟೊಂದು ಹಲಸು ಬಿಡಿಸುತ್ತಿದ್ದರೆ ಕೆಳಗೆ ಪೈಪು ಕಟ್ಟದೆ ಇನ್ನೇನು?

ಅವರು ಮೊದಲು ಮಾಡಿದ್ದು ಮಲೆನಾಡಿನ ಗಂಡಸರೆಲ್ಲ ಮಾಡುವುದನ್ನೇ. ಬಚ್ಚಲ ಹಂಡೆಯಲ್ಲಿ ಕೊತಕೊತ ಕುದಿಯುವ ನೀರು ಇದ್ದೇ ಇರುತ್ತದೆ, ಸುರಿದರು. ದಿನಾ ಸುರಿದರು. ನಮ್ಮಲ್ಲಿ ಶೀತಕ್ಕೂ ಬಿಸಿನೀರು, ಸೊಂಟನೋವಿಗೂ ಬಿಸಿನೀರು, ಚರಂಡಿಗೂ ಬಿಸಿನೀರು. ಕಟ್ಟಿದ್ದು ಇನ್ನಷ್ಟು ಕಟ್ಟಿತು. ಆಗ ಗೌಡರು ಮೇಲೆ ಬಂದು, ಅಪ್ಪ ಬಸ್ಸಿನ ಮೇಲೆ ಹೋಗಿದ್ದಾಗ, ಬಾಗಿಲಲ್ಲೇ ನಿಂತು ಅಮ್ಮನಿಗೆ ಹೇಳಿದರು.

"ಸರೋಜಮ್ಮ, ನಿಮ್ಮ ಹಪ್ಪಳದಿಂದ ನಮಗೆ ಮೀಯೋ ಹಾಗಿಲ್ಲ. ಹಪ್ಪಳ ನಿಲ್ಸಿ, ಇಲ್ಲ ಬೇರೆ ಮನೆ ನೋಡ್ಕೊಳ್ಳಿ."

ಅಮ್ಮ ಜಗಳಕ್ಕೆ ನಿಲ್ಲಲಿಲ್ಲ. ಅದೇ ನನಗೆ ಸೋಜಿಗ. ತರಕಾರಿಯವನ ತಕ್ಕಡಿಯ ಮೇಲೆ ಅರ್ಧ ಗಂಟೆ ಜಗಳ ಮಾಡುವವಳು ಅವತ್ತು ಎಣ್ಣೆ ಹಚ್ಚಿದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಆಗಲಿ ಎಂದಳು. ತಾರಸಿಯಲ್ಲಿದ್ದ ಹೆಂಗಸರು ಒಬ್ಬೊಬ್ಬರೇ ಮೆಟ್ಟಿಲಿಳಿದು ಹೋದರು. ಅರ್ಧ ಒಣಗಿದ ಹಪ್ಪಳಗಳ ನಡುವೆ ಅಮ್ಮ ಒಬ್ಬಳೇ ಕೂತಿದ್ದಳು. ನನಗೆ ಅಳು ಬಂತು, ಡಿಗ್ರಿ ಓದುವವನಾದರೂ.

ಮರುದಿನ ಜೋಗದತ್ತೆ ಬಂದಿಳಿದಳು.

ಜೋಗದತ್ತೆ ಅಪ್ಪನ ಅಕ್ಕ. ಮಾವ ಜೋಗದ ಪವರ್‌ಹೌಸಿನಲ್ಲಿ ಕೆಲಸದಲ್ಲಿದ್ದರು, ಅತ್ತೆಯ ಸಂಸಾರವೆಲ್ಲ ಅಲ್ಲಿಯ ಕ್ವಾರ್ಟರ್ಸಿನಲ್ಲಿ. ನಾನು ಕರೆಂಟು ಹುಟ್ಟೋ ಊರಿನವಳು ಎಂಬುದು ಅವಳ ಮಾತಿನ ಪಲ್ಲವಿ, ಜಲಪಾತದ ನೀರನ್ನು ತಾನೇ ಮೇಲೆ ನಿಂತು ಬಿಡುತ್ತಿದ್ದಾಳೋ ಎಂಬಂತೆ. ಆ ಕ್ವಾರ್ಟರ್ಸುಗಳು ಒಂದಕ್ಕೊಂದು ಬೆನ್ನು ತಾಗಿಸಿ ನಿಂತಿದ್ದವು. ಒಂದು ಮನೆಯ ಬಚ್ಚಲು ಕಟ್ಟಿದರೆ ನಾಲ್ಕು ಮನೆಯವರು ಒಬ್ಬರನ್ನೊಬ್ಬರು ಬಯ್ಯುತ್ತಿದ್ದರು. ದೂರು ಕೊಟ್ಟರೆ ಆಳು ಬರುವಷ್ಟರಲ್ಲಿ ಮಳೆಗಾಲವೇ ಮುಗಿಯುತ್ತಿತ್ತು. ಹಾಗಾಗಿ ಅಲ್ಲಿಯ ಹೆಂಗಸರು ತಾವೇ ಪತ್ತೆ ಹಚ್ಚುವುದನ್ನು ಕಲಿತಿದ್ದರು, ಅತ್ತೆ ಅವರಿಗೆಲ್ಲ ಮುಂದಾಳು. ವಿನಯ ಎನ್ನುವುದು ಅವಳ ಹತ್ತಿರ ಸುಳಿದಿರಲಿಲ್ಲ. ಬೇರೆಯವರು ನೆಂಟರ ಮನೆಗೆ ಹೋದರೆ ದೇವರ ಕೋಣೆ ನೋಡುತ್ತಾರೆ, ಅವಳು ಹಿತ್ತಲಿಗೆ ಹೋಗಿ ನೀರು ಎಲ್ಲಿ ಹೋಗುತ್ತದೆ ಎಂದು ನೋಡುತ್ತಿದ್ದಳು. ಯೋಚಿಸಿ ನೋಡಿದರೆ ಅದೂ ಸರಿಯೇ. ಮನೆಗೆ ನೀರು ಎಲ್ಲಿಂದ ಬರುತ್ತದೆಂದು ನಾವೆಲ್ಲ ಹೆಮ್ಮೆಯಿಂದ ತೋರಿಸುತ್ತೇವೆ. ಎಲ್ಲಿ ಹೋಗುತ್ತದೆಂದು ಕೇಳಿದರೆ ಕಟ್ಟಿಸಿದವರೇ ತಲೆ ಕೆರೆದುಕೊಳ್ಳುತ್ತಾರೆ.

ಅತ್ತೆ ಕಾಫಿ ಕುಡಿಯುತ್ತ ಇಡೀ ಕತೆ ಕೇಳಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ಎಂದು ಲೋಟ ಕೆಳಗಿಟ್ಟು, ನೆಟ್ಟಗೆ ಗೌಡರ ಜಗಲಿಗೆ ಇಳಿದಳು. ಅಮ್ಮ ಹಿಂದಿನಿಂದ ಸೆರಗು ಹಿಡಿದು ಜಗ್ಗಿದಳು. ಬೇಡ ಅತ್ತಿಗೆ, ಮನೆ ಬಿಟ್ಟರಾಯಿತು, ಊರಲ್ಲಿ ಬೇರೆ ಮನೆ ಇಲ್ಲವಾ ಎಂದಳು. ಅತ್ತೆ ಸೆರಗು ಬಿಡಿಸಿಕೊಂಡಳು. ಅಮ್ಮನ ಅಂಜಿಕೆ ಅರ್ಥವಾಗದೆ ನಾನು ಅವಳ ಮೇಲೆ ಸಿಟ್ಟಾದೆ.

ಗೌಡರನ್ನು ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಎಂತ ಗೌಡ್ರೇ, ನಿಮ್ಮ ಬಚ್ಚಲಲ್ಲಿ ನೀರು ಏರೋದು ಮೇಲೆ ಪಾತ್ರೆ ತೊಳೆಯುವಾಗಲಾ, ನೀವು ಮೀಯುವಾಗಲಾ?"

ಗೌಡರು ಯೋಚಿಸಿ, ನಾವು ಮೀಯುವಾಗ ಎಂದರು. ಅವರ ಹೆಂಡತಿ ಸುಶೀಲಕ್ಕ ಬಾಗಿಲ ಹಿಂದೆ ನಿಂತಿದ್ದವರು ಒಳಗೆ ಸರಿದರು. ಆದರೂ ಗೌಡರು ಪಟ್ಟು ಬಿಡಲಿಲ್ಲ. ಮೇಲಿನ ಪೈಪು, ಕೆಳಗಿನ ಪೈಪು ಎಲ್ಲ ನೆಲದಡಿ ಒಂದಾಗಿಯೇ ಹೋಗುತ್ತದೆ, ತಾನು ನಿಂತು ಮಾಡಿಸಿದ್ದು ಎಂದರು. ಹಾಗಾದರೆ ನೋಡಿಯೇ ಬಿಡೋಣ ಎಂದು ಅತ್ತೆ ಅಮ್ಮನ ಅಡುಗೆಮನೆಗೆ ಹೋಗಿ ಕೊಡಪಾನದಲ್ಲಿ ಅರಿಶಿನ ಕದಡಿ, ತನ್ನ ಎಲೆಡಿಕೆ ಡಬ್ಬಿಯ ಸುಣ್ಣವನ್ನೆಲ್ಲ ಅದಕ್ಕೆ ಹಾಕಿದಳು. ನೀರು ಕೆಂಪಗೆ ತಿರುಗಿತು. ಮದುಮಕ್ಕಳಿಗೆ ಎತ್ತುವ ಆರತಿಯ ಓಕುಳಿ.

ಅದನ್ನು ಚರಂಡಿಗೆ ಹಾಕುತ್ತೇನೆಂದಾಗ ನೋಡಲು ಸೇರಿದ್ದ ಹೆಂಗಸರೆಲ್ಲ ಬಾಯಿಯ ಮೇಲೆ ಕೈಯಿಟ್ಟರು. ಆರತಿ ನೀರನ್ನು ನಮ್ಮಲ್ಲಿ ಯಾರೂ ತುಳಿಯದ ಜಾಗ ನೋಡಿ ಗಿಡದ ಬುಡಕ್ಕೆ ಚೆಲ್ಲುತ್ತಾರೆ. ಅದು ಬಚ್ಚಲ ಪಾಲಾಗುವುದೆಂದರೇನು? ಅಮ್ಮನೂ ಅದನ್ನೇ ಹಿಡಿದುಕೊಂಡು, ಅಪಶಕುನ, ಬೇಡವೇ ಬೇಡ ಎಂದಳು.

"ನಾ ಇನ್ನೂ ಯಾರಿಗೂ ಎತ್ತಿಲ್ಲ ಸರೋಜಾ" ಎಂದಳು ಅತ್ತೆ. "ಎತ್ತೋ ತನಕ ಅದು ಬರೀ ಬಣ್ಣದ ನೀರು."

ನನ್ನನ್ನು ಮೇಲೆ ಕಳಿಸಿದರು. ಅತ್ತೆ ಕೂಗಿದ ಮೇಲೆ ನಾನು ನಮ್ಮ ಬಚ್ಚಲಿಗೆ ಓಕುಳಿ ಸುರಿದು, ಕಿಟಕಿಗೆ ಓಡಿ ಕೆಳಗೆ ನೋಡಿದೆ. ಗೌಡರು ಒಳಗೆ ತಮ್ಮ ಬಚ್ಚಲ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಇಲ್ಲಿ ಒಂದು ಹನಿ ಕೆಂಪೂ ಎದ್ದಿಲ್ಲ ಎಂದು ಅಲ್ಲಿಂದಲೇ ಕೂಗಿದರು. ಅತ್ತೆ ರಸ್ತೆಯ ಚರಂಡಿಯ ಅಂಚಿನಲ್ಲಿ ಕೂತು ಜರಿಗಿಡಗಳನ್ನು ಸರಿಸಿದ್ದಳು. ಅಲ್ಲಿ ಎರಡು ಪೈಪಿನ ಬಾಯಿಗಳಿದ್ದವು, ಗೌಡರಿಗೂ ಮರೆತುಹೋಗಿದ್ದ ಎರಡು ಬಾಯಿಗಳು. ಒಂದರಿಂದ ಓಕುಳಿ ಧಾರೆ ಧಾರೆಯಾಗಿ ಹರಿದು ಬಂತು. ಇನ್ನೊಂದು ಒಣಗಿತ್ತು. ಆಮೇಲೆ ಗೌಡರ ಬಚ್ಚಲಿಗೇ ಓಕುಳಿ ಸುರಿದರು. ಅದು ನಿಂತಲ್ಲೇ ನಿಂತಿತು.

ಆ ಕ್ಷಣ ನನಗಾದ ಖುಷಿಯನ್ನು ಹೇಗೆ ಹೇಳಲಿ. ಪರೀಕ್ಷೆಯಲ್ಲಿ ಪಾಸಾದಾಗಲೂ ಹಾಗಾಗಿರಲಿಲ್ಲ, ಅದು ಅಪರೂಪವಾಗಿದ್ದರೂ. ಕಿಟಕಿಯ ಹತ್ತಿರವೇ ಕುಣಿದೆ. ನಮ್ಮ ಪೈಪು ಬೇರೆ, ಅವರ ಪೈಪು ಬೇರೆ. ಅಮ್ಮನ ಹಪ್ಪಳಕ್ಕೂ ಗೌಡರ ಬಚ್ಚಲಿಗೂ ಸಂಬಂಧವೇ ಇಲ್ಲ. ತಿರುಗಿ ನೋಡಿದರೆ ಅಮ್ಮ ಗೋಡೆಗೆ ಒರಗಿ ನಿಂತಿದ್ದಳು, ಮುಖದಲ್ಲಿ ಗೆದ್ದವರ ಕಳೆ ಇರಲಿಲ್ಲ.

ಅತ್ತೆಗೆ ಅಷ್ಟಕ್ಕೇ ತೃಪ್ತಿಯಿಲ್ಲ. ಕಟ್ಟಿದ್ದು ಎಲ್ಲಿ ಎಂದು ಗೊತ್ತಾದ ಮೇಲೆ ಬಿಡಿಸದೆ ಹೋದರೆ ಜೋಗಕ್ಕೆ ಅವಮಾನ. ಗೌಡರ ಕೊಟ್ಟಿಗೆಯಲ್ಲಿ ಕುಕ್ಕೆ ಹೆಣೆಯಲು ತಂದಿಟ್ಟ ಹಸಿ ಬೆತ್ತ ಇತ್ತು. ಅದರ ತುದಿಗೆ ತೆಂಗಿನ ನಾರು ಸುತ್ತಿ ಕಟ್ಟಿ, ಒಣಗಿದ್ದ ಬಾಯಿಯಿಂದ ಒಳಗೆ ನೂಕಿದಳು. ಬೆತ್ತ ಬಾಗಿ ಬಾಗಿ ಹೋಗಿ ಒಂದು ಕಡೆ ಮೆತ್ತಗೆ ತಡೆಯಿತು. ಕಲ್ಲಾದರೆ ಟಕ್ ಎನ್ನುತ್ತಿತ್ತು, ಬೇರಾದರೆ ಹಿಡಿದು ಎಳೆಯುತ್ತಿತ್ತು, ಇದು ಮೆತ್ತಗೆ ಹಿಂದಕ್ಕೆ ನೂಕುತ್ತಿತ್ತು. ಅತ್ತೆಯ ಮುಖ ಬದಲಾಯಿತು. ಬಿಸಿನೀರು ಹಾಕಿದ್ದು ಯಾರು ಎಂದು ಕೇಳಿದಳು. ಗೌಡರು ತಾನೇ ಎಂದಾಗ, ಅವರ ಬಚ್ಚಲ ಕಡೆಯ ಬಾಯಿಗೆ ಕೊಬ್ಬರಿ ಎಣ್ಣೆ ಸುರಿಯಲು ಹೇಳಿ, ಜಗಲಿಯಲ್ಲಿ ಕೂತು ಸಾವಧಾನವಾಗಿ ಒಂದು ಎಲೆಡಿಕೆ ಹಾಕಿದಳು. ಸುಣ್ಣ ಮುಗಿದಿತ್ತು, ಗೌಡರ ಡಬ್ಬಿಯಿಂದಲೇ ಕೇಳಿ ತೆಗೆದುಕೊಂಡಳು. ಎಲೆ ಉಗಿದು ಬಂದು ಬೆತ್ತವನ್ನು ತಿರುವಿ, ತಿರುವಿ, ಒಮ್ಮೆ ಎಳೆದಳು.

ಒಳಗಿನಿಂದ ಭೂಮಿಯೇ ತೇಗಿದಂಥ ಶಬ್ದ ಬಂತು. ಅತ್ತೆ ಪಕ್ಕಕ್ಕೆ ಹಾರಿದಳು. ಮೊದಲು ಕಪ್ಪು ನೀರು, ಹಿಂದೆಯೇ ಅವರದೇ ಬಚ್ಚಲಿಗೆ ಸುರಿದ ಓಕುಳಿ, ಭರ್ರೆಂದು ನುಗ್ಗಿ ಚರಂಡಿ ತುಂಬ ಹರಿಯಿತು. ಓಣಿಯ ಹೆಂಗಸರು ನಿಜವಾಗಿ ಚಪ್ಪಾಳೆ ತಟ್ಟಿದರು. ಗೌಡರೂ ಮೈಮರೆತು ಚಪ್ಪಾಳೆ ತಟ್ಟಿದರು.

ಬೆತ್ತದ ತುದಿಯಲ್ಲಿ ಒಂದು ಉಂಡೆ ನೇತಾಡುತ್ತಿತ್ತು. ಹಂಡೆ ಒಲೆಯ ಬೂದಿ ಮೆತ್ತಿಕೊಂಡು ಕಪ್ಪಗಾಗಿತ್ತು. ಅತ್ತೆ ಎಣ್ಣೆಗೈಯಲ್ಲಿ ಅದನ್ನು ಚಿವುಟಿ ಎಳೆದಳು. ಬಿಳಿ ಎಳೆ ಉದ್ದಕ್ಕೆ ಬಂತು.

"ನೋಡಿ" ಎಂದರು ಗೌಡರು. "ಹಲಸಿನ ಮೇಣ. ನಾ ಎಂತ ಹೇಳಿದ್ದೆ?"

ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಹೊಳೆಯಿತು. ಮೇಣ ಹಲಸಿನದು ಸರಿ, ಆದರೆ ಪೈಪು ಅವರದು. ಅತ್ತೆ ಅಮ್ಮನನ್ನು ನೋಡಿದಳು. ಅಮ್ಮ ನೆಲ ನೋಡಿದಳು. ಅಷ್ಟರಲ್ಲಿ ಸುಶೀಲಕ್ಕ ಬಾಗಿಲ ಹಿಂದಿನಿಂದ ಹೊರಗೆ ಬಂದು, ಎಲ್ಲರೆದುರು ಜಗಲಿಯಲ್ಲಿ ನಿಂತರು. ಅವರು ಅಷ್ಟು ಜನರ ಮುಂದೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅದು ನಂದು" ಎಂದರು. "ನಿಮಗೆ ವಾಸನೆ ಆಗಲ್ಲ ಅಂತ ಬಚ್ಚಲ ಒಲೆಗೆ ಬೆಂಕಿ ಹಾಕಿ, ಆ ಹೊಗೇಲಿ ಕೂತ್ಕೊಂಡು ಹಣ್ಣು ತಿಂತಿದ್ದೆ. ಕತ್ತಿ, ಕೈ ಎಲ್ಲ ಅಲ್ಲೇ ತೊಳೀತಿದ್ದೆ. ಸರೋಜಂಗೆ ಗೊತ್ತಿತ್ತು. ಹೇಳ್ಬೇಡ ಅಂತ ನಾನೇ ಆಣೆ ಹಾಕ್ಸಿದ್ದೆ."

ಅಮ್ಮ ಆಗಾಗ ಬಾಳೆಲೆಯಲ್ಲಿ ಸುತ್ತಿ ಕೆಳಗೆ ಕೊಡುತ್ತಿದ್ದುದು ಹಲಸಿನ ಹಣ್ಣಿನ ಹೋಳು ಎಂದು ನನಗೆ ಆಗ ತಿಳಿಯಿತು. ಬಿಸಿನೀರು ಆ ಮೇಣವನ್ನು ಮೆತ್ತಗೆ ಮಾಡಿ ಮುಂದೆ ಸಾಗಿಸಿತ್ತು, ಪೈಪಿನ ತಿರುವಿನಲ್ಲಿ ತಣ್ಣಗಾಗಿ ಅದು ಬಿರಡೆಯಂತೆ ಅಂಟಿ ಕೂತಿತ್ತು. ಅಮ್ಮ ಒಂದು ಮಾತು ಹೇಳಿದ್ದರೆ ಹಪ್ಪಳವೂ ಉಳಿಯುತ್ತಿತ್ತು, ಮನೆಯೂ ಉಳಿಯುತ್ತಿತ್ತು. ಅವಳು ತನ್ನ ಊರನ್ನೇ ಬಿಟ್ಟುಕೊಡಲು ಹೊರಟಿದ್ದಳು, ಆಣೆ ಬಿಡಲಿಲ್ಲ. ಅವಳ ಮೇಲೆ ಸಿಟ್ಟು ಮಾಡಿದವನು ನಾನು, ಮಹಾ ಬುದ್ಧಿವಂತ.

ಗೌಡರು ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಆ ಉಂಡೆಯಿಂದ ಕಣ್ಣೆತ್ತಿ ಹೆಂಡತಿಯನ್ನು ನೋಡಿದರು.

"ಬಚ್ಚಲಲ್ಲಿ ಕೂತು ತಿಂದ್ಯಾ?" ಎಂದರು. ಅಷ್ಟೇ. ಆ ದನಿಯಲ್ಲಿ ಪೈಪಿನ ವಿಷಯ ಇರಲೇ ಇಲ್ಲ.

ಕೊಡಪಾನದ ತಳದಲ್ಲಿ ಇನ್ನೂ ಸ್ವಲ್ಪ ಓಕುಳಿ ಉಳಿದಿತ್ತು. ಸುಶೀಲಕ್ಕ ಅದನ್ನು ತಟ್ಟೆಗೆ ಬಗ್ಗಿಸಿ, ಅತ್ತೆಯನ್ನೂ ಅಮ್ಮನನ್ನೂ ಒಟ್ಟಿಗೆ ನಿಲ್ಲಿಸಿ ಆರತಿ ಎತ್ತಿದರು. ಕೈಯಲ್ಲಿ ಚರಂಡಿಯ ಬೆತ್ತ, ಸೀರೆಯ ತುಂಬ ಕೆಸರು, ಆದರೂ ಜೋಗದತ್ತೆ ಮದುಮಗಳಂತೆ ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಈಗ ಅದು ಬರೀ ಬಣ್ಣದ ನೀರಾಗಿರಲಿಲ್ಲ. ಅದನ್ನು ಒಯ್ದು ದಾಸವಾಳದ ಬುಡಕ್ಕೆ ಚೆಲ್ಲಿದರು. ಮರುವಾರ ಗೌಡರು ತೋಟದಿಂದ ಹೆಗಲ ಮೇಲೆ ಒಂದು ಬಕ್ಕೆ ಹಣ್ಣು ಹೊತ್ತು ತಂದು ನಡುಮನೆಯಲ್ಲಿ ಇಳಿಸಿ, ಟವೆಲಿನಿಂದ ಮೂಗು ಮುಚ್ಚಿಕೊಂಡು ಜಗಲಿಗೆ ಓಡಿದರು. ಒಳಗೆ ಸುಶೀಲಕ್ಕ ಕಾಲು ಚಾಚಿ ಕೂತು, ಬಾಗಿಲು ತೆರೆದಿಟ್ಟುಕೊಂಡು ತಿಂದರು. ಹಪ್ಪಳದ ತಾರಸಿಗೆ ಆ ವರ್ಷ ಒಬ್ಬರು ಹೆಚ್ಚಾದರು.

ಇಷ್ಟೆಲ್ಲ ನೆನಪಾಗಿದ್ದು ಅರ್ಧ ಮೆಟ್ಟಿಲಲ್ಲಿ ನಿಂತು. ಅಲ್ಲಿಂದ ಕೆಳಗಿಳಿದೆ. ಹೆಂಡತಿಯನ್ನು ಅರಿಶಿನ, ಸುಣ್ಣ ಕೇಳಿದಾಗ ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಚೊಂಬಿನಲ್ಲಿ ಓಕುಳಿ ಕದಡಿಕೊಂಡು ಮತ್ತೆ ಮೇಲೆ ಹೋಗಿ ಬಾಗಿಲು ತಟ್ಟಿದೆ. ಆಶಾ ಗಾಬರಿಯಿಂದ ತೆರೆದಳು. ನಿಮ್ಮ ಸಿಂಕಿಗೆ ಇದನ್ನು ಸುರಿಯಮ್ಮ, ನಾನು ಕೆಳಗೆ ನೋಡುತ್ತೇನೆ ಎಂದೆ. ಪೈಪುಗಳೆಲ್ಲ ಬಂದು ಸೇರುವ ಹಿತ್ತಲಿನ ಚೇಂಬರಿನ ಮುಚ್ಚಳ ತೆಗೆದು ಕುಕ್ಕರುಗಾಲಲ್ಲಿ ಕೂತೆ. ಮೇಲಿನವರ ಪೈಪಿನಿಂದ ಓಕುಳಿ ಸಲೀಸಾಗಿ ಇಳಿದು ಬಂತು, ಒಂದು ಹುರುಪೆಯೂ ಇರಲಿಲ್ಲ. ನಮ್ಮ ಪೈಪಿನ ಬಾಯಿ ಒಣಗಿತ್ತು.

"ಬಂತಾ ಅಂಕಲ್?" ಎಂದು ಮೇಲಿನಿಂದ ಕೇಳಿದಳು.

ಬಂತು ಎಂದೆ. ಓಕುಳಿಯ ಜೊತೆ ನನಗೆ ಬುದ್ಧಿಯೂ ಬಂದಿತ್ತು ಎನ್ನಿ. ಸಿಂಕಿನ ಕೆಳಗೆ ಮಲಗಿ, ಬಕೆಟ್ ಇಟ್ಟು, ಬಾಗಿದ ಪೈಪಿನ ತುಂಡನ್ನು ತಿರುಪಿ ಬಿಚ್ಚಿದೆ. ಇಡೀ ಮನೆಯಲ್ಲಿ ನನ್ನಷ್ಟು ಒಳ್ಳೆಯ ಕಾಫಿ ಮಾಡುವವರಿಲ್ಲ ಎಂದು ದಿನಾ ಬೆಳಿಗ್ಗೆ ನಾನೇ ಡಿಕಾಕ್ಷನ್ ಇಳಿಸಿ, ಫಿಲ್ಟರನ್ನು ಸಿಂಕಿಗೆ ಕುಟ್ಟಿ ಕೊಡವುತ್ತೇನೆ. ಆ ಚರಟವೆಲ್ಲ ತುಪ್ಪ, ಜಿಡ್ಡು ಕುಡಿದು ಕಪ್ಪು ಕಡುಬಿನಂತೆ ಕೂತಿತ್ತು. ಗುಲಾಬಿ ಗಿಡಕ್ಕೆ ಹಾಕಿ ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಈಗ ಬಕೆಟ್ಟಿನತ್ತ ಬೆರಳು ತೋರಿಸಿ ಹುಬ್ಬು ಹಾರಿಸಿದಳು, ಬೈದಿದ್ದರೇ ಒಳ್ಳೆಯದಿತ್ತು. ಬೆರಳಿನಿಂದ ಕೆದಕಿ, ನಾರಿನಿಂದ ಉಜ್ಜಿ, ಪೈಪು ಜೋಡಿಸಿ ನಲ್ಲಿ ಬಿಟ್ಟೆ. ನೀರು ಒಮ್ಮೆ ಸುತ್ತು ಹಾಕಿ, ಗಳಗಳ ಎಂದು ನಗುತ್ತ ಇಳಿದುಹೋಯಿತು. ಮತ್ತೆ ಬಿಟ್ಟೆ. ಮತ್ತೆ ಇಳಿಯಿತು. ನೋಡಿದಷ್ಟೂ ಸಾಲದು.

ಚೊಂಬು ಹಿಂದಿರುಗಿಸಲು ಬಂದ ಆಶಾ ಬಾಗಿಲಲ್ಲೇ ನಿಂತು, ಕಟ್ಟಿದ್ದು ಯಾರದು ಅಂಕಲ್ ಎಂದು ಕೇಳಿದಳು. ನನ್ನದೇ ಎಂದೆ. ಅವಳು ಉಸಿರು ಬಿಟ್ಟಳು.

"ನಮ್ಮ ಮೀನಿಂದಲೇ ಆಯ್ತೇನೋ ಅಂತ ಹೆದರಿದ್ದೆ" ಎಂದಳು. "ನಿಮಗೆ ವಾಸನೆ ಆಗಲ್ಲ ಅಂತ ಗೊತ್ತಲ್ಲ, ಕಿಟಕಿ ಬಾಗಿಲು ಎಲ್ಲ ಹಾಕ್ಕೊಂಡೇ ಹುರಿಯೋದು ನಾವು. ಹೊಗೇಲಿ ಕಣ್ಣು ಉರೀತದೆ, ಆದ್ರೂ ಪರವಾಗಿಲ್ಲ."

ಬಚ್ಚಲ ಒಲೆಯ ಹೊಗೆಯಲ್ಲಿ ಕೂತ ಸುಶೀಲಕ್ಕ ಕಣ್ಣೆದುರು ಬಂದರು. ಗೌಡರ ಮುಖವೂ ಬಂತು, ಅದು ನನ್ನ ಮುಖದ ಹಾಗೇ ಇತ್ತು. ಕಿಟಕಿ ತೆಗೆದೇ ಹುರಿಯಿರಿ ಎಂದೆ. ಅವಳಿಗೆ ನಂಬಿಕೆಯಾಗಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು.

ಈಗ ಮಧ್ಯಾಹ್ನ. ಮೇಲೆ ಕಾವಲಿ ಚುರ್ ಎನ್ನುತ್ತಿದೆ. ನಾನು ಕುರ್ಚಿ ಎಳೆದುಕೊಂಡು ಜಗಲಿಗೆ ಬಂದು, ಮೂಗಿಗೆ ಟವೆಲು ಒತ್ತಿಕೊಂಡು ಇದನ್ನು ಬರೆಯುತ್ತಿದ್ದೇನೆ. ಕತ್ತೆತ್ತಿ ನೋಡಿದೆ. ಕಿಟಕಿ ತೆರೆದಿದೆ.